ಡಿಶ್ ಎತ್ತ ನೋಡ್ತಿದೆ ಅಂತ ಆಕಾಶವನ್ನೇ ಕೇಳಬೇಕು

ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ಅನ್ನೋ ಊರಲ್ಲಿ ಒಂದು ರೇಡಿಯೊ ಟೆಲಿಸ್ಕೋಪ್ ಇದೆ. 2000ದಲ್ಲಿ ಶುರುವಾದದ್ದು. ಡಿಶ್‌ನ ಅಳತೆ 100 ಮೀಟರ್‌ಗೆ 110 ಮೀಟರ್, ಇಡೀ ಟೆಲಿಸ್ಕೋಪ್‌ನ ತೂಕ ಸುಮಾರು 7,700 ಟನ್. ಅಷ್ಟೂ ಭಾರವನ್ನು 16 ಚಕ್ರಗಳು ಹೊತ್ತುಕೊಂಡು, 64 ಮೀಟರ್ ವ್ಯಾಸದ ದುಂಡನೆ ಹಳಿಯ ಮೇಲೆ ತಿರುಗುತ್ತವೆ. ಈ ಉಕ್ಕಿನ ಬೆಟ್ಟವನ್ನು 100 ಗಿಗಾಹರ್ಟ್ಸ್‌ನಲ್ಲಿ ಬಳಸುವಾಗ ಅದಕ್ಕೆ ಒಂದು ಸಲಕ್ಕೆ ಕಾಣುವ ಆಕಾಶದ ಚುಕ್ಕೆ 7–8 ಆರ್ಕ್‌ಸೆಕೆಂಡ್ ಅಗಲ ಅಷ್ಟೇ. ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್. ಮುಕ್ಕಾಲು ಕಿಲೋಮೀಟರ್ ಆಚೆ ಇಟ್ಟ ಹತ್ತು ರೂಪಾಯಿ ನಾಣ್ಯ ಕಣ್ಣಿಗೆ ಎಷ್ಟು ಅಗಲವೋ ಅಷ್ಟು.

ಅಷ್ಟು ಚಿಕ್ಕ ಜಾಗಕ್ಕೆ ಗುರಿ ಇಡುವುದು ಕಷ್ಟ ಅನ್ನೋದು ಯಾರಿಗಾದರೂ ಹೊಳೆಯುತ್ತದೆ. ಗುರಿ ತಪ್ಪಿದೆ ಅಂತ ತಿಳಿದುಕೊಳ್ಳುವುದು ಅದಕ್ಕಿಂತ ಕಷ್ಟ. ಕಣ್ಣಿನಿಂದ ನೋಡುವ ಟೆಲಿಸ್ಕೋಪ್‌ನಲ್ಲಿ ನಕ್ಷತ್ರ ಮಧ್ಯದಲ್ಲಿ ಇಲ್ಲದಿದ್ದರೆ ಗೊತ್ತಾಗುತ್ತದೆ, ಸ್ವಲ್ಪ ತಿರುಗಿಸಿದರೆ ಆಯಿತು. ರೇಡಿಯೊ ಡಿಶ್‌ನಲ್ಲಿ ಚಿತ್ರ ಇರುವುದಿಲ್ಲ. ಒಂದು ರಿಸೀವರ್ ಒಂದು ಹೊತ್ತಿಗೆ ಕೊಡುವುದು ಒಂದೇ ಸಂಖ್ಯೆ: ಇಷ್ಟು ಶಕ್ತಿ ಬಂತು ಅಂತ. ಆ ಸಂಖ್ಯೆ ಕಡಿಮೆ ಬಂದರೆ ಅಲ್ಲಿರುವ ವಸ್ತುವೇ ಮಂಕಾಗಿದೆಯೋ, ಡಿಶ್ ಪಕ್ಕಕ್ಕೆ ನೋಡ್ತಿದೆಯೋ? ಸಂಖ್ಯೆಗೆ ಅದು ಗೊತ್ತಿಲ್ಲ. ಗಮನಿಸದೇ ಬಿಟ್ಟರೆ ತಪ್ಪು ಅಳತೆ ಸರಿಯಾದ ಅಳತೆಯ ವೇಷದಲ್ಲೇ ಪೇಪರ್‌ಗೆ ಹೋಗುತ್ತದೆ.

ಎಷ್ಟು ತಪ್ಪಿದರೆ ನಡೆಯುತ್ತದೆ?

ಎಲ್ಲ ಡಿಶ್‌ಗೂ ಒಂದೇ ಉತ್ತರ ಇಲ್ಲ. ಬೀಮ್, ಅಂದರೆ ಡಿಶ್‌ಗೆ ಒಂದು ಸಲಕ್ಕೆ ಕಾಣುವ ಆ ಚುಕ್ಕೆ, ಎಷ್ಟು ಅಗಲ ಅನ್ನೋದರ ಮೇಲೆ ಹೋಗುತ್ತದೆ. ಸೂಕ್ಷ್ಮತೆ ನಡುಮಧ್ಯದಲ್ಲಿ ಪೂರ್ತಿ ಇರುತ್ತದೆ, ಪಕ್ಕಕ್ಕೆ ಸರಿದಂತೆ ಇಳಿಯುತ್ತದೆ. ಎರಡೂ ಕಡೆ ಅರ್ಧಕ್ಕೆ ಇಳಿಯುವ ಜಾಗಗಳ ನಡುವಿನ ಅಂತರವೇ ಬೀಮ್‌ನ ಅಗಲ. ತರಂಗದ ಉದ್ದವನ್ನು ಡಿಶ್‌ನ ವ್ಯಾಸದಿಂದ ಭಾಗಿಸಿ 1.2ರಿಂದ ಗುಣಿಸಿದರೆ ಅದು ರೇಡಿಯನ್‌ನಲ್ಲಿ ಸಿಗುತ್ತದೆ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ, ಚಂದ್ರಯಾನ-1ರ ಕಾಲದಲ್ಲಿ ಕಟ್ಟಿದ್ದು. ಅದು ಟೆಲಿಸ್ಕೋಪ್ ಅಲ್ಲ, ನೌಕೆಗಳ ಜೊತೆ ಮಾತಾಡುವ ಆಂಟೆನಾ. ಆದರೆ ಗುರಿಯ ಲೆಕ್ಕ ಒಂದೇ. ಎಕ್ಸ್ ಬ್ಯಾಂಡ್‌ನಲ್ಲಿ ತರಂಗ ಸುಮಾರು 3.6 ಸೆಂಟಿಮೀಟರ್, ಹಾಗಾಗಿ ಬೀಮ್ ಸುಮಾರು 4.6 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ಅಂದರೆ ಚಂದ್ರನ ಅಗಲದ ಏಳರಲ್ಲಿ ಒಂದು ಪಾಲು.

ಈ ಕೆಲಸದಲ್ಲಿರುವವರ ರೂಢಿ ಏನೆಂದರೆ, ಗುರಿಯ ತಪ್ಪು ಬೀಮ್‌ನ ಹತ್ತನೇ ಒಂದು ಭಾಗದೊಳಗೆ ಇರಬೇಕು. ಆಗ ನಡುವಿನಲ್ಲಿರುವ ಮೂಲದ (ರೇಡಿಯೊ ಶಕ್ತಿ ಸೂಸುವ ವಸ್ತುವಿನ) ಶಕ್ತಿಯಲ್ಲಿ ಹೋಗುವುದು ಶೇ. 3ಕ್ಕಿಂತ ಕಡಿಮೆ. ಐದನೇ ಒಂದು ಭಾಗ ತಪ್ಪಿದರೆ ಶೇ. 10ರಷ್ಟು ಹೋಗುತ್ತದೆ. ಅರ್ಧ ಬೀಮ್ ತಪ್ಪಿದರೆ ಅರ್ಧವೇ ಹೋಯಿತು.

ಪುಣೆಯ ಉತ್ತರಕ್ಕೆ ಖೋಡದ್‌ನಲ್ಲಿರುವ ರೇಡಿಯೊ ಟೆಲಿಸ್ಕೋಪ್ ಜಿಎಂಆರ್‌ಟಿಯಲ್ಲಿ 45 ಮೀಟರ್‌ನ 30 ಡಿಶ್‌ಗಳಿವೆ. 1.4 ಗಿಗಾಹರ್ಟ್ಸ್‌ನಲ್ಲಿ ಅವುಗಳ ಬೀಮ್ ಸುಮಾರು 24 ಆರ್ಕ್‌ಮಿನಿಟ್. ಎರಡು ಆರ್ಕ್‌ಮಿನಿಟ್ ತಪ್ಪಿದರೂ ನಡೆಯುತ್ತದೆ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು, ಅಲ್ವಾ? ಇಲ್ಲೊಂದು ಪೇಚು ಇದೆ. ಜಿಎಂಆರ್‌ಟಿ ನೋಡುವುದು ನಡುವಿನ ಒಂದು ಮೂಲವನ್ನಷ್ಟೇ ಅಲ್ಲ. ಬೀಮ್ ತುಂಬ ಇರುವ ನೂರಾರು ಮೂಲಗಳ ಚಿತ್ರವನ್ನು ಅದು ಒಟ್ಟಿಗೆ ತೆಗೆಯುತ್ತದೆ. ನಡುವಿನಲ್ಲಿ ಬೀಮ್ ಚಪ್ಪಟೆ, ಅಂಚಿನಲ್ಲಿ ಕಡಿದಾದ ಇಳಿಜಾರು. ಅದೇ ಹತ್ತನೇ ಒಂದು ಭಾಗದ ತಪ್ಪು, ಅರ್ಧಶಕ್ತಿಯ ಅಂಚಿನಲ್ಲಿರುವ ಮೂಲವನ್ನು ಶೇ. 26ರಷ್ಟು ಮಂಕು ಮಾಡಬಹುದು, ಇಲ್ಲವೇ ಶೇ. 28ರಷ್ಟು ಹೊಳಪು ಹೆಚ್ಚಿಸಬಹುದು. ಅದೂ ಪ್ರತಿ ಡಿಶ್‌ನಲ್ಲಿ ಬೇರೆ ಬೇರೆ ರೀತಿ.

ತಪ್ಪು ಎಲ್ಲಿಂದ ಬರುತ್ತದೆ

ಡಿಶ್‌ಗೆ ಎರಡು ಅಕ್ಷ. ಉತ್ತರದಿಂದ ಸುತ್ತಲೂ ಎಷ್ಟು ತಿರುಗಿದೆ ಅನ್ನೋದು ಅಜಿಮತ್, ದಿಗಂತದಿಂದ ಎಷ್ಟು ಮೇಲೆ ಎತ್ತಿದೆ ಅನ್ನೋದು ಎಲಿವೇಶನ್. ಪ್ರತಿ ಅಕ್ಷದಲ್ಲೂ ಅದು ತಿರುಗಿದ ಕೋನ ಅಳೆಯುವ ಒಂದು ಸಾಧನ, ಎನ್‌ಕೋಡರ್, ಇರುತ್ತದೆ. 20 ಬಿಟ್‌ನ ಎನ್‌ಕೋಡರ್ ಒಂದು ಸುತ್ತನ್ನು ಹತ್ತು ಲಕ್ಷಕ್ಕೂ ಜಾಸ್ತಿ ಹೆಜ್ಜೆ ಮಾಡುತ್ತದೆ, ಒಂದೊಂದು ಹೆಜ್ಜೆ 1.24 ಆರ್ಕ್‌ಸೆಕೆಂಡ್. ಇಷ್ಟು ಸೂಕ್ಷ್ಮ ಇದ್ದಮೇಲೆ ಇನ್ನೇನು ಬೇಕು ಅಂತ ಕೇಳಬಹುದು. ಎನ್‌ಕೋಡರ್‌ಗೆ ಗೊತ್ತಿರುವುದು ತನ್ನ ಅಕ್ಷ ಎಷ್ಟು ತಿರುಗಿತು ಅನ್ನೋದು ಮಾತ್ರ. ಅಕ್ಷವೇ ವಾಲಿದ್ದರೆ, ಅಕ್ಷದಾಚೆಗಿನ ಉಕ್ಕು ಬಾಗಿದ್ದರೆ, ರಿಸೀವರ್ ಎರಡು ಮಿಲಿಮೀಟರ್ ಪಕ್ಕಕ್ಕೆ ಕೂತಿದ್ದರೆ ಅದಕ್ಕೆ ತಿಳಿಯುವುದಿಲ್ಲ.

ಗ್ರೀನ್ ಬ್ಯಾಂಕ್‌ನ ಆ ಹಳಿಯನ್ನೇ ತೆಗೆದುಕೊಳ್ಳಿ. 64 ಮೀಟರ್‌ನ ಈ ತುದಿಗಿಂತ ಆ ತುದಿ ಬರೀ 3 ಮಿಲಿಮೀಟರ್ ತಗ್ಗಿದ್ದರೆ ಇಡೀ ಟೆಲಿಸ್ಕೋಪ್ ಸುಮಾರು 10 ಆರ್ಕ್‌ಸೆಕೆಂಡ್ ವಾಲುತ್ತದೆ. 100 ಗಿಗಾಹರ್ಟ್ಸ್‌ನಲ್ಲಿ ಅದು ಬೀಮ್‌ನ ಅಗಲಕ್ಕಿಂತ ಜಾಸ್ತಿ. ನೋಡಬೇಕಾದ ವಸ್ತು ಪೂರ್ತಿ ಹೊರಗೇ ಉಳಿಯುತ್ತದೆ.

ಗುರುತ್ವದ ಕಥೆ ಬೇರೆ. ಡಿಶ್ ಮೇಲ್ಮುಖವಾಗಿದ್ದಾಗ ಬಾಗುವ ರೀತಿಯೇ ಬೇರೆ, ದಿಗಂತದ ಕಡೆ ಬಗ್ಗಿದಾಗ ಬಾಗುವ ರೀತಿಯೇ ಬೇರೆ. ನೂರು ಮೀಟರ್ ಉಕ್ಕು ಬಾಗದಂತೆ ಮಾಡಲು ಆಗುವುದಿಲ್ಲ. 1967ರಲ್ಲಿ ಖಗೋಳ ವಿಜ್ಞಾನಿ ಸೆಬಾಸ್ಟಿಯನ್ ಫಾನ್ ಹೋರ್ನರ್ ಒಂದು ಜಾಣ ದಾರಿ ತೋರಿಸಿದರು: ಬಾಗಲಿ ಬಿಡಿ, ಆದರೆ ಡಿಶ್‌ನ ಪ್ಯಾರಬೋಲಾ ಆಕಾರ ಬಾಗಿ ಇನ್ನೊಂದು ಪ್ಯಾರಬೋಲಾನೇ ಆಗುವ ಹಾಗೆ ಚೌಕಟ್ಟನ್ನು ವಿನ್ಯಾಸ ಮಾಡಿ. 1971ರಲ್ಲಿ ಉದ್ಘಾಟನೆಯಾದ ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರ್ ಡಿಶ್ ಹೀಗೇ ಕಟ್ಟಿದ್ದು. ಆಕಾರ ಉಳಿಯುತ್ತದೆ, ಫೋಕಸ್ ಬಿಂದು ಮಾತ್ರ ಜಾಗ ಬದಲಿಸುತ್ತದೆ. ರಿಸೀವರನ್ನು ಅದರ ಹಿಂದೆ ಸರಿಸಬೇಕು, ಗುರಿಯನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು.

ಗಡಿಯಾರವನ್ನೂ ಮರೆಯುವಂತಿಲ್ಲ. ಭೂಮಿ ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ತಿರುಗುತ್ತದೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದ್ದರೆ ಉಳಿದ ಲೆಕ್ಕ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಇದು ಪತ್ತೆ ಹಚ್ಚಲು ಸುಲಭ, ಸರಿ ಮಾಡಲೂ ಸುಲಭ. ಹಾಗಾಗಿ ಮುಂದೆ ಹೋಗೋಣ.

ಒಂದು ಮೂಲದ ಮೇಲೆ ಒಂದು ಪರೀಕ್ಷೆ

ಎನ್‌ಕೋಡರ್ ಮಾತು ನಂಬುವ ಹಾಗಿಲ್ಲ ಅಂದಮೇಲೆ ಆಕಾಶವನ್ನೇ ಕೇಳಬೇಕು. ಅದಕ್ಕೆ ಜಾಗ ಖಚಿತವಾಗಿ ಗೊತ್ತಿರುವ, ಹೊಳಪಾದ, ಬೀಮ್‌ಗಿಂತ ಚಿಕ್ಕದಾದ ಮೂಲ ಬೇಕು. ಮೂರನೆಯದು ಮುಖ್ಯ. ಕ್ಯಾಸಿಯೋಪಿಯ-ಎ ಆಕಾಶದ ಅತಿ ಹೊಳಪಿನ ರೇಡಿಯೊ ಮೂಲಗಳಲ್ಲಿ ಒಂದು, ಆದರೆ ಅದರ ಅಗಲ ಸುಮಾರು 5 ಆರ್ಕ್‌ಮಿನಿಟ್. ಚಿಕ್ಕ ಬೀಮ್‌ಗೆ ಅದೊಂದು ಮೈದಾನ, ಅದರ ನಡು ಎಲ್ಲಿ ಅಂತ ಹುಡುಕುವುದೇ ಕೆಲಸವಾಗುತ್ತದೆ. ಬಹು ದೂರದ ಕ್ವೇಸಾರ್‌ಗಳು, ಅಂದರೆ ಕೆಲವು ಗೆಲಾಕ್ಸಿಗಳ ಉಜ್ವಲ ನಡುಭಾಗಗಳು, ಚುಕ್ಕಿಯಂತೆ ಇರುತ್ತವೆ, ಅವುಗಳ ಜಾಗ ಆರ್ಕ್‌ಸೆಕೆಂಡ್‌ಗಿಂತ ಎಷ್ಟೋ ಪಾಲು ಚೆನ್ನಾಗಿ ಗೊತ್ತು. ಮಿಲಿಮೀಟರ್ ತರಂಗದಲ್ಲಿ ಗ್ರಹಗಳನ್ನೂ ಬಳಸುತ್ತಾರೆ. ಹೊಸ ಡಿಶ್‌ನ ಮೊದಲ ದಿನಗಳಲ್ಲಿ, ಗುರಿ ಡಿಗ್ರಿಗಟ್ಟಲೆ ತಪ್ಪಿರುವ ಸಾಧ್ಯತೆ ಇರುವಾಗ, ಸೂರ್ಯ ಚಂದ್ರರೇ ಗತಿ.

ಸುಲಭದ ವಿಧಾನ ಐದು ಬಿಂದುವಿನದು. ಒಂದು ಸಲ ನೇರ ನೋಡಿ, ಆಮೇಲೆ ಎಡಕ್ಕೆ ಅರ್ಧ ಬೀಮ್, ಬಲಕ್ಕೆ ಅರ್ಧ ಬೀಮ್, ಮೇಲೆ, ಕೆಳಗೆ. ಗುರಿ ಸರಿ ಇದ್ದರೆ ಎಡಬಲ ಸಮ ಬರಬೇಕು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ವಿಎಲ್‌ಎ ಎಂಬ ಡಿಶ್‌ಗಳ ಗುಂಪಿನ 25 ಮೀಟರ್ ಡಿಶ್‌ಗೆ 45 ಗಿಗಾಹರ್ಟ್ಸ್‌ನಲ್ಲಿ ಬೀಮ್ ಸುಮಾರು ಒಂದು ಆರ್ಕ್‌ಮಿನಿಟ್, ಅಂದರೆ 60 ಆರ್ಕ್‌ಸೆಕೆಂಡ್. ಶಕ್ತಿ ಎಡದಲ್ಲಿ 60, ಬಲದಲ್ಲಿ 40 ಬಂತು ಅಂದುಕೊಳ್ಳಿ. 60ನ್ನು 40ರಿಂದ ಭಾಗಿಸಿದರೆ 1.5. ಅದರ ಸ್ವಾಭಾವಿಕ ಲಾಗರಿತಮ್ 0.405. ಅದನ್ನು 0.18ರಿಂದಲೂ ಬೀಮ್ ಅಗಲದಿಂದಲೂ ಗುಣಿಸಿ: 4.4 ಆರ್ಕ್‌ಸೆಕೆಂಡ್. ಮೂಲ ಅಷ್ಟು ಎಡಕ್ಕಿದೆ, ಡಿಶ್ ಅಷ್ಟು ಎಡಕ್ಕೆ ಸರಿಯಬೇಕು. ಗಮನಿಸಿ: ಎಡಬಲದ ಅಂಚುಗಳಲ್ಲಿ ವ್ಯತ್ಯಾಸ ಒಂದೂವರೆ ಪಟ್ಟು, ನಡುವಿನಲ್ಲಿ ಶಕ್ತಿ ಕುಗ್ಗಿದ್ದು ಶೇ. 2 ಕೂಡ ಇಲ್ಲ. ನಡುವನ್ನು ಮಾತ್ರ ನೋಡಿದವರಿಗೆ ಈ ತಪ್ಪು ಯಾವತ್ತೂ ಕಾಣುತ್ತಿರಲಿಲ್ಲ.

ಗ್ರೀನ್ ಬ್ಯಾಂಕ್‌ನಲ್ಲಿ ನಿಂತು ನೋಡುವ ಬದಲು ಡಿಶ್ಶನ್ನು ಮೂಲದ ಮೇಲೆ ಹಾಯಿಸುತ್ತಾರೆ. ಅಜಿಮತ್‌ನಲ್ಲಿ ಒಂದು ಸಲ ಆಚೆಗೆ, ಒಂದು ಸಲ ಈಚೆಗೆ. ಎಲಿವೇಶನ್‌ನಲ್ಲೂ ಹಾಗೇ ಎರಡು ಸಲ. ಪ್ರತಿ ಸಲವೂ ಗುಡ್ಡದಾಕಾರದ ಗೆರೆ ಬರುತ್ತದೆ, ಅದರ ತುದಿ ಎಲ್ಲಿದೆ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಹೋದ ದಾರಿಯಲ್ಲೇ ವಾಪಸ್ ಬರುವುದಕ್ಕೆ ಕಾರಣ ಇದೆ. ಡಿಶ್ ಸೆಕೆಂಡಿಗೆ ಒಂದು ಆರ್ಕ್‌ಮಿನಿಟ್ ಓಡುತ್ತಿದೆ, ಶಕ್ತಿ ದಾಖಲಿಸುವ ಯಂತ್ರ ಹತ್ತನೇ ಒಂದು ಸೆಕೆಂಡ್ ತಡ ಅಂದುಕೊಳ್ಳಿ. ಹೋಗುವಾಗ ತುದಿ 6 ಆರ್ಕ್‌ಸೆಕೆಂಡ್ ಮುಂದೆ ಕಾಣುತ್ತದೆ, ಬರುವಾಗ 6 ಆರ್ಕ್‌ಸೆಕೆಂಡ್ ಆ ಕಡೆ. ಎರಡರ ಸರಾಸರಿಯಲ್ಲಿ ತಪ್ಪು ಅಳಿಸಿಹೋಗುತ್ತದೆ. ಎರಡರ ನಡುವಿನ 12 ಆರ್ಕ್‌ಸೆಕೆಂಡ್ ಅಂತರ ಯಂತ್ರದ ತಡವನ್ನೇ ಅಳೆದು ಕೊಡುತ್ತದೆ. ಒಂದೇ ದಿಕ್ಕಿನಲ್ಲಿ ಹಾಯಿಸಿ ಮುಗಿಸುವವರು ಈ ಬಿಟ್ಟಿ ಮಾಹಿತಿ ಕಳೆದುಕೊಳ್ಳುತ್ತಾರೆ.

ಎಲಿವೇಶನ್ ಗೆರೆಯಲ್ಲಿ ಇನ್ನೊಂದು ಬಲೆ ಇದೆ. ಕೆಳಗೆ ನೋಡಿದಷ್ಟೂ ಗಾಳಿಯ ಪದರ ದಪ್ಪ, ಗಾಳಿಯೂ ರೇಡಿಯೊ ಶಕ್ತಿ ಸೂಸುತ್ತದೆ. ಹಾಗಾಗಿ ಗುಡ್ಡ ಸಮತಟ್ಟು ನೆಲದ ಮೇಲೆ ಕೂತಿರುವುದಿಲ್ಲ, ಇಳಿಜಾರಿನ ಮೇಲೆ ಕೂತಿರುತ್ತದೆ. ಇಳಿಜಾರನ್ನು ಮೊದಲು ಕಳೆಯದೇ ತುದಿ ಹುಡುಕಿದರೆ ತುದಿ ಕೆಳಗಡೆಗೆ ಜಾರಿದಂತೆ ಕಾಣುತ್ತದೆ. ಮಂಕು ಮೂಲಗಳಲ್ಲಿ ಇದು ಜಾಸ್ತಿ.

ಜಿಎಂಆರ್‌ಟಿಯಂಥ ಡಿಶ್‌ಗಳ ಗುಂಪಿಗೆ ಒಂದು ಅನುಕೂಲ ಇದೆ. ಕೆಲವು ಡಿಶ್‌ಗಳನ್ನು ಮೂಲದ ಮೇಲೆ ನಿಲ್ಲಿಸಿ, ಉಳಿದವನ್ನು ಆಚೀಚೆ ಸರಿಸುತ್ತಾ, ಎರಡರ ಸಂಕೇತವನ್ನೂ ತಾಳೆ ಹಾಕಿ ನೋಡಬಹುದು. ಗಾಳಿ, ನೆಲ ಸೂಸುವ ರೇಡಿಯೊ ಗದ್ದಲ ಒಂದೊಂದು ಡಿಶ್‌ಗೂ ಬೇರೆ ಬೇರೆ ಆಗಿರುವುದರಿಂದ ಹೊಂದುವುದೇ ಇಲ್ಲ, ಮೂಲದ ಸಂಕೇತ ಮಾತ್ರ ಉಳಿಯುತ್ತದೆ.

ಆಕಾಶ ಪೂರ್ತಿ ಸುತ್ತಿ ಬಂದು

ಒಂದು ಮೂಲದ ಮೇಲೆ ತಿದ್ದಿದ್ದು ಆ ದಿಕ್ಕಿಗೆ ಮಾತ್ರ ಸರಿ. ಬೇರೆ ಕಡೆ ತಿರುಗಿಸಿದರೆ ತಪ್ಪು ಬದಲಾಗುತ್ತದೆ. ಅದಕ್ಕೆ ಗಾಳಿ ಇಲ್ಲದ ರಾತ್ರಿ ನೋಡಿಕೊಂಡು ಆಕಾಶದ ಎಲ್ಲ ಮೂಲೆಗಳಲ್ಲಿ ಹತ್ತಾರು ಮೂಲಗಳನ್ನು ಅಳೆಯುತ್ತಾರೆ. ಒಂದೊಂದಕ್ಕೂ ಎರಡು ಸಂಖ್ಯೆ: ಅಜಿಮತ್ ತಪ್ಪು, ಎಲಿವೇಶನ್ ತಪ್ಪು. ಅಜಿಮತ್ ತಪ್ಪನ್ನು ಎಲಿವೇಶನ್‌ನ ಕೊಸೈನ್‌ನಿಂದ ಗುಣಿಸಿ ಬರೆಯಬೇಕು. 60 ಡಿಗ್ರಿ ಎತ್ತರದಲ್ಲಿ ಅಕ್ಷ 10 ಆರ್ಕ್‌ಸೆಕೆಂಡ್ ತಿರುಗಿದರೆ ಆಕಾಶದಲ್ಲಿ ಸರಿಯುವುದು 5 ಮಾತ್ರ. ನೆತ್ತಿಯ ಹತ್ತಿರ ಅಕ್ಷ ಎಷ್ಟು ತಿರುಗಿದರೂ ಬೀಮ್ ಅಲ್ಲೇ ಗಿರಕಿ ಹೊಡೆಯುತ್ತದೆ.

ಈಗ ತಪ್ಪುಗಳನ್ನು ಗ್ರಾಫ್ ಮೇಲೆ ಹಾಕಿ. ನನ್ನ ಲೆಕ್ಕದಲ್ಲಿ ಈ ಕೆಲಸದ ರುಚಿ ಇರುವುದೇ ಇಲ್ಲಿ. ಪ್ರತಿ ರೋಗಕ್ಕೂ ಅದರದ್ದೇ ಲಕ್ಷಣ. ಅಜಿಮತ್ ಅಕ್ಷ ವಾಲಿದ್ದರೆ, ಎಲಿವೇಶನ್ ತಪ್ಪು ಒಂದು ಪೂರ್ತಿ ಸುತ್ತಿನಲ್ಲಿ ಒಂದು ಸಲ ಏರಿ ಒಂದು ಸಲ ಇಳಿಯುತ್ತದೆ. ಅಲೆಯ ತುದಿ ಯಾವ ದಿಕ್ಕಿನಲ್ಲಿದೆ ಅಂತ ನೋಡಿದರೆ ಯಾವ ಕಡೆ ವಾಲಿದೆ ಅಂತ ಗೊತ್ತು. ಒಂದು ಸುತ್ತಿಗೆ ಎರಡು ಅಲೆ ಬಂದರೆ ಹಳಿ ಎರಡು ಕಡೆ ಉಬ್ಬಿ ಎರಡು ಕಡೆ ತಗ್ಗಿದೆಯೇ ಅಂತ ನೋಡಬೇಕು. ಎಲಿವೇಶನ್ ಏರಿದಂತೆ ಕೊಸೈನ್ ಗೆರೆಯಂತೆ ಬದಲಾಗುವ ತಪ್ಪು ಗುರುತ್ವದ ಬಾಗು. ಎಲ್ಲ ಕಡೆ ಒಂದೇ ಇದ್ದರೆ ಎನ್‌ಕೋಡರ್‌ನ ಸೊನ್ನೆ ಜಾಗ ಸರಿ ಇಲ್ಲ. ಎಫೆಲ್ಸ್‌ಬರ್ಗ್ ಡಿಶ್ ಕೆಲಸ ಶುರು ಮಾಡಿದ ದಿನಗಳಲ್ಲಿ, 1972ರಲ್ಲಿ, ಸ್ಟುಂಪ್ಫ್ ಎಂಬ ವಿಜ್ಞಾನಿ ರೇಡಿಯೊ ಟೆಲಿಸ್ಕೋಪ್‌ಗಳ ಗುರಿಯ ಸಿದ್ಧಾಂತವನ್ನು ಬರೆದರು. ಇವತ್ತಿಗೂ ಬೇರೆ ಬೇರೆ ಕಡೆ ಬಳಸುವ ಸೂತ್ರಗಳ ಬೆನ್ನೆಲುಬು ಇದೇ ಬಗೆಯ ಏಳೆಂಟು ಪದಗಳು.

ಪದ ಅಂದರೆ ಸೂತ್ರದ ಒಂದೊಂದು ತುಂಡು. ಅಳೆದ ತಪ್ಪುಗಳಿಗೆ ಹೊಂದಿಸಿದ ಇಡೀ ಸೂತ್ರವೇ ಡಿಶ್‌ನ ಗುರಿಯ ಮಾಡೆಲ್. ಅಜಿಮತ್ ಸೊನ್ನೆಯ ತಪ್ಪು ಆಕಾಶದಲ್ಲಿ ಕೊಸೈನ್ ಎಲಿವೇಶನ್ ಆಗಿ ಕಾಣುತ್ತದೆ. ಬೀಮ್ ಪಕ್ಕಕ್ಕೆ ಇರುವ ತಪ್ಪು ಎಲ್ಲ ಎತ್ತರದಲ್ಲೂ ಒಂದೇ. ಎರಡು ಅಕ್ಷಗಳು ಪರಸ್ಪರ ಲಂಬವಾಗಿಲ್ಲದ ತಪ್ಪು ಸೈನ್ ಎಲಿವೇಶನ್. ಈಗ ಯಾರೋ ಅವಸರದಲ್ಲಿ 30ರಿಂದ 60 ಡಿಗ್ರಿಯೊಳಗಿನ ಮೂಲಗಳನ್ನಷ್ಟೇ ಅಳೆದು ಬಂದರು ಅನ್ನಿ. ಆ ವ್ಯಾಪ್ತಿಯಲ್ಲಿ ಸೈನ್ ಮತ್ತು ಕೊಸೈನ್ ಕೂಡಿಸಿದರೆ 1.37ರಿಂದ 1.41ರೊಳಗೇ ಇರುತ್ತದೆ, ಹೆಚ್ಚುಕಡಿಮೆ ಸ್ಥಿರ ಸಂಖ್ಯೆ. ಅಂದರೆ ಮೂರೂ ಪದಗಳು ಒಂದನ್ನೊಂದು ಅನುಕರಿಸುತ್ತವೆ. ಕಂಪ್ಯೂಟರ್ ಒಂದಕ್ಕೆ ಭಾರಿ ಧನ ಸಂಖ್ಯೆ, ಇನ್ನೊಂದಕ್ಕೆ ಭಾರಿ ಋಣ ಸಂಖ್ಯೆ ಕೊಟ್ಟು, ಅಳೆದ ಜಾಗದಲ್ಲಿ ಚೆಂದಕ್ಕೆ ಹೊಂದಿಸಿಬಿಡುತ್ತದೆ. ಆಮೇಲೆ 80 ಡಿಗ್ರಿಗೆ ಎತ್ತಿದಾಗ, ಮೊತ್ತ 1.16ಕ್ಕೆ ಇಳಿದಾಗ, ಬಣ್ಣ ಬಯಲಾಗುತ್ತದೆ. ತುಂಬ ಎತ್ತರ, ತುಂಬ ತಗ್ಗು ಎರಡೂ ಕಡೆ ಕೆಲವು ಅಳತೆ ಇಲ್ಲದ ಮಾಡೆಲ್ಲನ್ನು ನಂಬಬಾರದು.

ಇದೇ ಕಾರಣಕ್ಕೆ ಪದಗಳನ್ನು ಸೇರಿಸುತ್ತಾ ಹೋಗುವ ಚಪಲ ಅಪಾಯ. ಇಪ್ಪತ್ತು ಪದ ಹಾಕಿದರೆ ಉಳಿಕೆ ತಪ್ಪು ಕಡಿಮೆ ಆಗೇ ಆಗುತ್ತದೆ, ಆದರೆ ಅದು ಆ ರಾತ್ರಿಯ ಗದ್ದಲವನ್ನೇ ಕಂಠಪಾಠ ಮಾಡಿರುತ್ತದೆ. ಹೊಂದಿಸಲು ಬಳಸದ ಬೇರೆ ಮೂಲಗಳನ್ನು ಇನ್ನೊಂದು ರಾತ್ರಿ ನೋಡಿ, ಅಲ್ಲಿ ಎಷ್ಟು ತಪ್ಪುತ್ತದೆ ಅನ್ನೋದೇ ನಿಜವಾದ ಅಂಕ.

ಇನ್ನೊಂದು ಸಣ್ಣ ವಿಷಯ, ಆದರೆ ಕಾಡುವಂಥದ್ದು: ಪ್ಲಸ್ಸೋ ಮೈನಸ್ಸೋ. ಅಳೆದ ತಪ್ಪನ್ನು ಕಳೆಯುವ ಬದಲು ಕೂಡಿಸಿದರೆ ತಪ್ಪು ದುಪ್ಪಟ್ಟು. ಸೂತ್ರ ನೋಡಿ ತಲೆ ಕೆರೆದುಕೊಳ್ಳುವುದಕ್ಕಿಂತ, ಬೇಕೆಂದೇ ಡಿಶ್ಶನ್ನು ಗೊತ್ತಿರುವಷ್ಟು ಪಕ್ಕಕ್ಕೆ ಸರಿಸಿ ಗುಡ್ಡದ ತುದಿ ಯಾವ ಕಡೆ ಓಡುತ್ತದೆ ಅಂತ ನೋಡುವುದು ಒಳ್ಳೆಯದು. ಐದು ನಿಮಿಷದ ಕೆಲಸ.

ಮಾಡೆಲ್‌ಗೆ ಸಿಗದೇ ಉಳಿಯುವುದು

ಗಾಳಿಯ ವಕ್ರೀಭವನವನ್ನು ಮಾಡೆಲ್‌ನಲ್ಲಿ ಹೊಂದಿಸಬಾರದು, ಆ ದಿನದ ಹವಾಮಾನ ನೋಡಿ ಲೆಕ್ಕ ಹಾಕಬೇಕು. ಬೆಳಕಿಗೆ ನೀರಾವಿ ಅಷ್ಟೇನೂ ಲೆಕ್ಕಕ್ಕಿಲ್ಲ, ರೇಡಿಯೊಗೆ ಹಾಗಲ್ಲ. ಬೆಂಗಳೂರಿನ ಎತ್ತರದಲ್ಲಿ, 45 ಡಿಗ್ರಿಯಲ್ಲಿ ನೋಡುವಾಗ, ಒಣ ಗಾಳಿ ಮೂಲವನ್ನು ಸುಮಾರು 49 ಆರ್ಕ್‌ಸೆಕೆಂಡ್ ಮೇಲೆತ್ತಿ ತೋರಿಸುತ್ತದೆ. ಮಳೆಗಾಲದ ಸಂಜೆಯ ತೇವ ಅದಕ್ಕೆ ಇನ್ನೊಂದು 17 ಸೇರಿಸಬಹುದು. ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯ 10.4 ಮೀಟರ್ ಡಿಶ್‌ನಂಥದಕ್ಕೆ 86 ಗಿಗಾಹರ್ಟ್ಸ್‌ನಲ್ಲಿ ಬೀಮ್ ಸುಮಾರು 1.4 ಆರ್ಕ್‌ಮಿನಿಟ್. ತೇವವನ್ನು ಮರೆತರೆ ಹತ್ತನೇ ಒಂದು ಭಾಗದ ಮಿತಿ ಅಲ್ಲೇ ಮುರಿಯಿತು. ಕೆಳಗಿನ ಎತ್ತರಗಳಲ್ಲಿ ಪರಿಣಾಮ ಇನ್ನೂ ದೊಡ್ಡದು.

ಬಿಸಿಲು ಇದಕ್ಕಿಂತ ಹಠಮಾರಿ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ 0.012 ಮಿಲಿಮೀಟರ್ ಹಿಗ್ಗುತ್ತದೆ. 20 ಮೀಟರ್ ಎತ್ತರದ ಎರಡು ಕಾಲುಗಳಲ್ಲಿ ಒಂದು ಬಿಸಿಲಿಗೆ, ಇನ್ನೊಂದು ನೆರಳಿಗೆ, ನಡುವೆ 5 ಡಿಗ್ರಿ ವ್ಯತ್ಯಾಸ ಅಂದುಕೊಳ್ಳಿ. ಒಂದು ಕಾಲು 1.2 ಮಿಲಿಮೀಟರ್ ಉದ್ದ ಆಗುತ್ತದೆ. ಕಾಲುಗಳ ಅಂತರವೂ 20 ಮೀಟರ್ ಇದ್ದರೆ ಡಿಶ್ 12 ಆರ್ಕ್‌ಸೆಕೆಂಡ್ ವಾಲಿತು. ಮೋಡ ಬಂದರೆ ಮತ್ತೆ ಬೇರೆ. ಗ್ರೀನ್ ಬ್ಯಾಂಕ್‌ನಲ್ಲಿ ಚೌಕಟ್ಟಿನ ಉದ್ದಕ್ಕೂ ತಾಪಮಾನದ ಸೆನ್ಸರ್‌ಗಳನ್ನು ಇಟ್ಟು ಆ ಕ್ಷಣದ ಬಾಗನ್ನು ಅಂದಾಜು ಮಾಡುತ್ತಾರೆ. ಅಷ್ಟೆಲ್ಲ ಮಾಡಿಯೂ ಅತಿ ಹೆಚ್ಚು ಫ್ರೀಕ್ವೆನ್ಸಿಯ ಕೆಲಸವನ್ನು ಸೂರ್ಯ ಮುಳುಗಿ ಉಕ್ಕು ತಣ್ಣಗಾದ ಮೇಲೆ ಇಟ್ಟುಕೊಳ್ಳುತ್ತಾರೆ. ಸ್ಪೇನ್‌ನ ಐರಾಮ್ 30 ಮೀಟರ್ ಡಿಶ್‌ನಲ್ಲಿ ಹಿಂಭಾಗದ ಚೌಕಟ್ಟನ್ನು ಮುಚ್ಚಿ ಒಳಗಿನ ತಾಪಮಾನವನ್ನೇ ಹಿಡಿತದಲ್ಲಿ ಇಟ್ಟಿದ್ದಾರೆ. ದುಬಾರಿ ದಾರಿ, ಆದರೆ ಇದೇ ಸರಿಯಾದ ದಾರಿ ಅಂತ ನನಗನ್ನಿಸುತ್ತದೆ. ಬೀಸುಗಾಳಿಗೆ ಮಾತ್ರ ಕಾಯುವುದೊಂದೇ ಮದ್ದು.

ಇಷ್ಟೆಲ್ಲ ಆದಮೇಲೂ ಉಳಿಯುವುದನ್ನು ತಿದ್ದಲು ಪಕ್ಕದ ಮೂಲವನ್ನೇ ನೆಚ್ಚಿಕೊಳ್ಳಬೇಕು. ನೋಡಬೇಕಾದ ವಸ್ತುವಿನ ಹತ್ತಿರ ಒಂದು ಹೊಳಪಾದ ಕ್ವೇಸಾರ್ ಹುಡುಕಿ, ಅದರ ಮೇಲೆ ಹಾಯಿಸಿ, ಬಂದ ತಪ್ಪನ್ನು ಸ್ಥಳೀಯ ತಿದ್ದುಪಡಿಯಾಗಿ ಹಾಕಿ, ಕೆಲಸಕ್ಕೆ ಹೋಗುವುದು. ಅರ್ಧ ಗಂಟೆಗೋ ಒಂದು ಗಂಟೆಗೋ ಮತ್ತೆ ಅದೇ. ಗ್ರೀನ್ ಬ್ಯಾಂಕ್‌ನಲ್ಲಿ ಗಾಳಿ ಇಲ್ಲದ ರಾತ್ರಿ ಬರೀ ಮಾಡೆಲ್ ನಂಬಿದರೆ ತಪ್ಪು ಸುಮಾರು 5 ಆರ್ಕ್‌ಸೆಕೆಂಡ್, ಪಕ್ಕದ ಮೂಲದಿಂದ ತಿದ್ದಿಕೊಂಡರೆ 3ರ ಒಳಗೆ ಬರುತ್ತದೆ.

ಈ ಚಿಕ್ಕ ತಿದ್ದುಪಡಿಗಳನ್ನು ಬಳಸಿ ಬಿಸಾಡಬಾರದು. ತಾರೀಖು, ಅಜಿಮತ್, ಎಲಿವೇಶನ್, ತಾಪಮಾನದ ಜೊತೆ ಬರೆದಿಡಬೇಕು. ಒಂದು ರಾತ್ರಿ ಪ್ಲಸ್, ಮರುರಾತ್ರಿ ಮೈನಸ್ ಆಗುತ್ತಿದ್ದರೆ ಅದು ಹವೆಯ ಆಟ. ವಾರಗಟ್ಟಲೆ ಒಂದೇ ಕಡೆಗೆ ಬೆಳೆಯುತ್ತಿದ್ದರೆ ಅಡಿಪಾಯವೋ ಹಳಿಯೋ ಕೂರುತ್ತಿದೆ. ಒಂದೇ ದಿನದಲ್ಲಿ ಜಿಗಿದಿದ್ದರೆ ಹಿಂದಿನ ದಿನ ಯಾರು ರಿಸೀವರ್ ಬಿಚ್ಚಿ ಹಾಕಿದರು ಅಂತ ವಿಚಾರಿಸಬೇಕು. ಗ್ರೀನ್ ಬ್ಯಾಂಕ್‌ನಲ್ಲಿ 2007ರಲ್ಲಿ ಹಳಿಯನ್ನೇ ಹೊಸದಾಗಿ ಮಾಡಿದರು. ಅಂಥ ರಿಪೇರಿ ಆದಮೇಲೆ ಹಳೆಯ ಸಂಖ್ಯೆಗಳನ್ನು ಬದಿಗಿಟ್ಟು, ಗಾಳಿ ಇಲ್ಲದ ರಾತ್ರಿಗೆ ಕಾದು, ಆಕಾಶವನ್ನು ಮತ್ತೆ ಮೊದಲಿನಿಂದ ಸುತ್ತಬೇಕು.